ರಾಜಮೂಲದ ವಂಶಶೋಧ: ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆ

ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಮನೆತನದ ಮೂಲವನ್ನು ಅರಸರ ಕಾಲಕ್ಕೆ ಒಯ್ದು ಹೇಳುವ ರೂಢಿ ಹಳೆಯದು. ಕದಂಬರ ಬನವಾಸಿ ಸಿರಸಿ ತಾಲೂಕಿನಲ್ಲಿದೆ. ಸೋದೆ ಅಥವಾ ಸ್ವಾದಿ ಎಂದೂ ಕರೆಯುವ ಸೋಂದಾ, ಸಿರಸಿಯಿಂದ ಸುಮಾರು 20 ಕಿ.ಮೀ. ದೂರ. ಬಿಳಗಿ ಅರಸರ ಊರು ಸಿದ್ದಾಪುರ ತಾಲೂಕಿಗೆ ಸೇರಿದೆ. ರಾಜಧಾನಿಗಳು ಇಷ್ಟು ಹತ್ತಿರವಿದ್ದರೂ ಇಲ್ಲಿನ ಬಹುಪಾಲು ಮನೆತನಗಳು ತಾವು ರಾಜನ ಸಂತಾನವೆಂದು ಹೇಳಿಕೊಳ್ಳುವುದಿಲ್ಲ. ರಾಜ ಕರೆತಂದ, ಭೂಮಿ ಕೊಟ್ಟು ನಿಲ್ಲಿಸಿದ ಎನ್ನುತ್ತವೆ. ಹೇಳಿಕೆ ರಕ್ತದ್ದಲ್ಲ, ಆಶ್ರಯದ್ದು. ಈ ವ್ಯತ್ಯಾಸ ಮರೆತರೆ ಮುಂದಿನ ಶೋಧವೆಲ್ಲ ದಾರಿ ತಪ್ಪುತ್ತದೆ.

ಹವ್ಯಕ ಬ್ರಾಹ್ಮಣರ ಐತಿಹ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಕದಂಬ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆಸಿ ಈ ಸೀಮೆಯಲ್ಲಿ ನೆಲೆಗೊಳಿಸಿದನೆಂಬುದು ಅದರ ಸಾರ. ಅಹಿಚ್ಛತ್ರದ ಅವಶೇಷಗಳು ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿವೆ. ಕರಾವಳಿಯ ತುಳು ಬ್ರಾಹ್ಮಣರ ಗ್ರಾಮಪದ್ಧತಿ ಕಥೆಗಳಲ್ಲೂ ಇದೇ ರಾಜ, ಇದೇ ಊರು ಬರುತ್ತವೆ. ಶಿಕಾರಿಪುರ ತಾಲೂಕಿನ ತಾಳಗುಂದದ ನಂತರದ ಕಾಲದ ಶಾಸನವೊಂದು ಮುಕ್ಕಣ್ಣ ಕದಂಬನು ಅಹಿಚ್ಛತ್ರದಿಂದ 32 ಕುಟುಂಬಗಳನ್ನು ತಂದನೆನ್ನುತ್ತದೆ. ಆದರೆ ಅದೇ ತಾಳಗುಂದದಲ್ಲಿರುವ, ಕ್ರಿ.ಶ. 450ರ ಸುಮಾರಿನ ಸ್ತಂಭಶಾಸನದಲ್ಲಿ ಅಹಿಚ್ಛತ್ರದ ಸೊಲ್ಲೇ ಇಲ್ಲ. ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಈ ಶಾಸನದ ಪ್ರಕಾರ ಕದಂಬರೇ ಬ್ರಾಹ್ಮಣ ಮನೆತನದವರು. ಓದಲು ಗುರು ವೀರಶರ್ಮನ ಜೊತೆ ಕಂಚಿಗೆ ಹೋದ ಮಯೂರಶರ್ಮ (ಐತಿಹ್ಯದ ಮಯೂರವರ್ಮ ಇವನೇ) ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಮನೆಯ ಬಳಿ ಕದಂಬ ಮರವಿದ್ದುದರಿಂದ ವಂಶಕ್ಕೆ ಆ ಹೆಸರು ಬಂತು. ಕತೆ ಇಷ್ಟೇ, ನೆಲದ ಮೇಲಿನದು. ಹಲವು ಶತಮಾನ ಕಳೆದು ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರ ಹೊತ್ತಿಗೆ ಮೂಲಪುರುಷನಿಗೆ ಮೂರು ಕಣ್ಣು ಮೂಡಿವೆ, ಹುಟ್ಟು ಶಿವನ ಬೆವರ ಹನಿಯಿಂದ ಆಗಿದೆ. ವಂಶಾವಳಿ ದೂರ ಹೋದಷ್ಟೂ ಮಸುಕಾಗಬೇಕು; ಇಲ್ಲಿ ಹೊಳಪು ಏರಿದೆ.

ಅರಸರೂ ವಂಶವನ್ನು ಎರವಲು ತರುತ್ತಿದ್ದರು. ಕದಂಬರು ತಮ್ಮನ್ನು ಮಾನವ್ಯಸಗೋತ್ರದವರು, ಹಾರೀತಿಪುತ್ರರು ಎಂದು ಬರೆಸಿಕೊಂಡರೆ, ಬನವಾಸಿಯನ್ನು ಗೆದ್ದ ಬಾದಾಮಿ ಚಾಲುಕ್ಯರ ಶಾಸನಗಳಲ್ಲೂ ಅದೇ ಬಿರುದುಗಳು ಕಾಣುತ್ತವೆ. ಗೋತ್ರವೊಂದನ್ನೇ ಹಿಡಿದು ಕದಂಬ ಸಂತತಿಯನ್ನು ಸಾಧಿಸಹೊರಟವರು ಮೊದಲು ಈ ಗಂಟು ಬಿಚ್ಚಬೇಕು. ತಾಳಗುಂದ ಶಾಸನ ಇನ್ನೊಂದು ವಿಷಯವನ್ನೂ ಹೆಮ್ಮೆಯಿಂದ ಹೇಳುತ್ತದೆ: ಕದಂಬ ಅರಸ ಕಾಕುಸ್ಥವರ್ಮನ ಹೆಣ್ಣುಮಕ್ಕಳು ಗುಪ್ತರೇ ಮೊದಲಾದ ರಾಜಕುಲಗಳನ್ನು ಸೇರಿದರು. ಹೆಣ್ಣಿನ ಕಡೆಯಿಂದ ಹಬ್ಬಿದ ಈ ಕವಲುಗಳನ್ನು ಗಂಡುಸಂತತಿಯನ್ನಷ್ಟೇ ಬರೆಯುವ ವಂಶವೃಕ್ಷಗಳು ಹಿಡಿಯಲಾರವು.

ಮನೆಯೊಳಗಿನ ನೆನಪಿಗೆ ಬೇರೆಯೇ ಅಳತೆಯಿದೆ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳಬೇಕು. ಸೂತಕದ ಲೆಕ್ಕ ಏಳು ತಲೆಮಾರಿನವರೆಗೆ ಹೋಗುತ್ತದೆ. ಯಾರಿಗೆ ಸೂತಕ ಬರುತ್ತದೆ, ಯಾರಿಗಿಲ್ಲ ಎಂಬ ಚರ್ಚೆಯೇ ಎಷ್ಟೋ ಕುಟುಂಬಗಳ ವಂಶಾವಳಿಯನ್ನು ಉಳಿಸಿದೆ. ಅದರಾಚೆ ನೇರ ಗೋತ್ರಪ್ರವರದ ಋಷಿಗಳು. ಏಳನೆಯ ಅಜ್ಜನಿಗೂ ಋಷಿಗೂ ನಡುವಿನ ಸಾವಿರಾರು ವರ್ಷಗಳ ಖಾಲಿ ಜಾಗದಲ್ಲಿ ಬಂದು ಕೂತವನು ಮಯೂರವರ್ಮ. ಘಂಟೆ ಗಣಪತಿಯಿಂದ ಹೆಸರಾದ ಯಲ್ಲಾಪುರ ತಾಲೂಕಿನ ಚಂದಗುಳಿಯಂಥ ಊರುಗಳಲ್ಲಿ, ಅಡಿಕೆ ತೋಟದ ಅಂಚಿಗೆ ಚದುರಿದ ಮನೆಗಳ ನಡುವೆ, ನಂಬಬಹುದಾದ ಆಧಾರಗಳೆಂದರೆ ಮೂಲಮನೆ, ಕುಲದೇವರು, ಹಿಸೆಯ ಕಾಗದ, ಬ್ರಿಟಿಷ್ ಕಾಲದ ಜಮೀನು ದಾಖಲೆ, ತಿಗಳಾರಿ ಲಿಪಿಯ ತಾಳೆಗರಿ. ಇವೆಲ್ಲ ಸಿಕ್ಕರೂ ಕೆಲವು ತಲೆಮಾರಿಗೆ ನಿಲ್ಲುತ್ತವೆ. ಬಯಲುಸೀಮೆಯಲ್ಲಾದರೆ ಒಕ್ಕಲು ಮನೆಗಳ ವಂಶವನ್ನು ಹಾಡಿ ಹೇಳುತ್ತ, ಬರೆದಿಟ್ಟುಕೊಳ್ಳುತ್ತ ಬಂದವರು ಹೆಳವರು.

ಕಾಗದಪತ್ರಗಳ ಬಲದಿಂದ ಅರಸೊತ್ತಿಗೆಗೆ ತಲುಪುವ ಎಳೆ ಈ ಸೀಮೆಯಲ್ಲಿ ಸೋಂದೆಯದು. ವಿಜಯನಗರದ ಅಧೀನದಲ್ಲಿ ತಲೆಯೆತ್ತಿದ ಈ ನಾಯಕರಲ್ಲಿ ಅರಸಪ್ಪ ನಾಯಕ 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ. ಮಾಧ್ವ ಯತಿ ವಾದಿರಾಜರು ಸೋಂದೆಯಲ್ಲಿ ನೆಲೆಸಿದ್ದು ಅವನ ಆಶ್ರಯದಲ್ಲಿ. ಬನವಾಸಿ ಮಧುಕೇಶ್ವರ ದೇವಾಲಯದ ಪ್ರಸಿದ್ಧ ಕಲ್ಲಿನ ಮಂಚ ಮುಂದಿನ ರಘುನಾಥ ನಾಯಕನ ಕಾಣಿಕೆ. ಹೈದರಾಲಿಯ ಸೈನ್ಯ 1763ರ ಸುಮಾರಿಗೆ ಸೋಂದೆಯನ್ನು ಹಿಡಿದಾಗ ಅಲ್ಲಿನ ಅರಸ ಇಮ್ಮಡಿ ಸದಾಶಿವ ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ಹೋದ. ಫೋಂಡಾ, ಕಾಣಕೋಣದ ಕಡೆಯ ಸೋಂದೆಯ ಪ್ರದೇಶಗಳು ಆಗಲೇ ಪೋರ್ಚುಗೀಸರ ವಶವಾದವು. 1791ರ ಒಪ್ಪಂದ ಅದನ್ನು ಕಾಯಂ ಮಾಡಿತು. ಮನೆತನ ಫೋಂಡಾ ಬಳಿಯ ಬಾಂದಿವಡೆಯಲ್ಲಿ ನೆಲೆಯೂರಿ ಸೌಂದೇಕರ ಎಂಬ ಹೆಸರಿನಿಂದ ಮುಂದುವರಿಯಿತು. ರಾಜ್ಯ ಕಳೆದುಕೊಂಡ ಮೇಲೆ ಪರಕೀಯ ಸರ್ಕಾರವೊಂದರ ಜೊತೆ ನಡೆದ ವ್ಯವಹಾರವೇ ವಂಶದ ದಾಖಲೆಯನ್ನು ಗಟ್ಟಿಗೊಳಿಸಿದ್ದು ವಿಚಿತ್ರವಾದರೂ ನಿಜ. ಬಿಳಗಿ ಅರಸರ ವಂಶಾವಳಿ ಅಲ್ಲಿನ ರತ್ನತ್ರಯ ಬಸದಿಯ ಶಾಸನದಲ್ಲಿದೆ. ಬ್ರಿಟಿಷ್ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳೆಂಬ ಸ್ಥಳೀಯ ವೃತ್ತಾಂತಗಳೂ ಇಂಥ ಶೋಧಕ್ಕೆ ಒದಗುತ್ತವೆ, ಆದರೆ ಅವು ಹಕ್ಕು ಸ್ಥಾಪಿಸಲು ಹೇಳಿದ ಕಥೆಗಳೂ ಹೌದೆಂಬುದನ್ನು ನೆನಪಿಟ್ಟೇ ಓದಬೇಕು.

ಗಣಿತದ ದಾರಿ ಬೇರೆ. ಮಯೂರಶರ್ಮನಿಂದ ಇಂದಿಗೆ ಸುಮಾರು 60 ತಲೆಮಾರು. ಪ್ರತಿ ತಲೆಮಾರಿಗೂ ಪೂರ್ವಜರು ಇಮ್ಮಡಿಸಿದರೆ ಮೂವತ್ತನೆಯದರಲ್ಲೇ 107 ಕೋಟಿ ದಾಟುತ್ತಾರೆ. ಆ ಕಾಲದ, ಅಂದರೆ 12ನೆಯ ಶತಮಾನದ ಸುಮಾರಿನ, ಇಡೀ ಜಗತ್ತಿನ ಜನಸಂಖ್ಯೆ ಇದರ ಅರ್ಧವೂ ಇರಲಿಲ್ಲ. ಒಬ್ಬನೇ ಪೂರ್ವಜ ನೂರಾರು ಕವಲಿನಿಂದ ಮತ್ತೆ ಮತ್ತೆ ಬರುತ್ತಾನೆಂದೇ ಅರ್ಥ. ಆದ್ದರಿಂದ ಒಬ್ಬ ಅರಸನ ಸಂತತಿ ಉಳಿದು ಹಬ್ಬಿದ್ದರೆ ಅದರಲ್ಲಿ ಉಳುವವರೂ ಇರುತ್ತಾರೆ, ಅಡಿಗೆಯವರೂ ಇರುತ್ತಾರೆ. ಹೆಸರು ಹೆಸರಿಗೆ ಕೊಂಡಿ ಹಾಕಿ ತೋರಿಸುವುದು ಮಾತ್ರ ಬೇರೆ ಕೆಲಸ.

ಶಾಸನವೂ ಹಿಸೆಪತ್ರವೂ ದೂರ ಒಯ್ಯದ ಜನರಿಗೆ ಈಗ ವಂಶವಾಹಿ ವಿಜ್ಞಾನ ಸ್ವಲ್ಪ ಉತ್ತರ ಕೊಟ್ಟಿದೆ. ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಗೋವೆಯ ಮೂಲಕ ಗುಲಾಮರಾಗಿ ಬಂದವರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಸಿದ್ದಿಗಳ ಆಫ್ರಿಕನ್ ಮೂಲವನ್ನು ಬಾಂಟು ಭಾಷಿಕ ಜನರಿಗೆ ಜೋಡಿಸಿತು. ಜೊತೆಗೆ ಇಲ್ಲಿಯ ಜನರೊಂದಿಗಿನ ಬೆರಕೆಯನ್ನೂ ತೋರಿಸಿತು.