ಬಡವರ ಮೂತ್ರ ಪರೀಕ್ಷಿಸಿದ ರಾಜ್ಯ

2011ರ ಜುಲೈ 1ರಿಂದ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮಕ್ಕಳಿರುವ ಬಡ ಕುಟುಂಬಗಳು ಸರ್ಕಾರದ ನಗದು ಸಹಾಯ ಬೇಕೆಂದರೆ ಮೊದಲು ಮೂತ್ರದ ಮಾದರಿ ಕೊಡಬೇಕಾಯಿತು. ಲ್ಯಾಬಿನ ಖರ್ಚು ಅರ್ಜಿದಾರರದ್ದೇ. ಮಾದಕ ವಸ್ತು ಕಾಣದಿದ್ದರೆ ಆ ಹಣ ವಾಪಸ್. ಕಂಡರೆ ಒಂದು ವರ್ಷ ಸಹಾಯ ಬಂದ್. ಮೂವರ ಕುಟುಂಬಕ್ಕೆ ಸಿಗುತ್ತಿದ್ದದ್ದು ತಿಂಗಳಿಗೆ ಹೆಚ್ಚೆಂದರೆ 303 ಡಾಲರ್.

ಬಳ್ಳಾರಿ ಸೀಮೆಯ ತಾಲ್ಲೂಕು ಕಚೇರಿಯಲ್ಲಿ ವಿಧವಾ ವೇತನ, ವೃದ್ಧಾಪ್ಯ ವೇತನದ ಕಡತಗಳನ್ನು ನೋಡಿಕೊಂಡು ನಿವೃತ್ತಳಾದವಳು ನಾನು. ದಾಖಲೆ ಕೇಳುವುದೇ ನನ್ನ ಕೆಲಸವಾಗಿತ್ತು. ಆದಾಯಕ್ಕೆ, ವಯಸ್ಸಿಗೆ ಪುರಾವೆ ಕೇಳುವುದರಲ್ಲಿ ತಪ್ಪಿಲ್ಲ. ಅರ್ಹತೆ ನಿಂತಿರುವುದೇ ಅದರ ಮೇಲೆ. ಆದರೆ ಯಾವ ಅನುಮಾನಕ್ಕೂ ಕಾರಣ ಕೊಡದ ತಾಯಿಯ ಮೈಯಿಂದಲೇ ಪುರಾವೆ ತೆಗೆಯುವುದು ಬೇರೆ ಮಾತು. ಫ್ಲಾರಿಡಾದ ಕಥೆ ನನ್ನನ್ನು ಹಿಡಿದು ಕೂರಿಸಿದ್ದು ಅದಕ್ಕೇ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಕ್ಲಿಂಟನ್ ಸಹಿ ಹಾಕಿದ 1996ರ ಕಾನೂನು. ಸಹಾಯ ಪಡೆಯುವವರನ್ನು ಪರೀಕ್ಷಿಸಲು ಅದು ರಾಜ್ಯಗಳಿಗೆ ಅವಕಾಶ ಕೊಟ್ಟಿತು. 1999ರಲ್ಲಿ ಮಿಶಿಗನ್ ಶುರು ಮಾಡಿತು. ಐದು ವಾರಗಳಲ್ಲಿ 268 ಜನರ ಪರೀಕ್ಷೆಯಾಗಿ 21 ಜನರಲ್ಲಿ ಮಾದಕ ವಸ್ತು ಕಂಡಿತು. ಅವರಲ್ಲಿ 18 ಜನರದ್ದು ಬರೀ ಗಾಂಜಾ. ಅಷ್ಟರಲ್ಲಿ ನ್ಯಾಯಾಲಯ ತಡೆಯಿತು. ಅದೇ ಹೊತ್ತಿಗೆ ಫ್ಲಾರಿಡಾ ತಾನೇ ಒಂದು ಪ್ರಯೋಗ ನಡೆಸಿತ್ತು. 6,462 ಜನರಲ್ಲಿ 335 ಜನ ಸಿಕ್ಕಿಬಿದ್ದರು, ನೂರಕ್ಕೆ ಸುಮಾರು ಐದು. ಯೋಜನೆ ಅಲ್ಲಿಗೇ ನಿಂತಿತು. ಕೈಯಲ್ಲಿ ಇಂಥ ಲೆಕ್ಕವಿದ್ದೂ ಗವರ್ನರ್ ರಿಕ್ ಸ್ಕಾಟ್ 2011ರಲ್ಲಿ ಮತ್ತೆ ಅದೇ ದಾರಿ ಹಿಡಿದದ್ದನ್ನು ನಾನು ಒಪ್ಪಲಾರೆ.

ಅವರ ಪರ ವಹಿಸಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ತೆರಿಗೆ ಕಟ್ಟುವವರ ದುಡ್ಡು ಮಕ್ಕಳ ಹೊಟ್ಟೆಗೆ ಹೋಗಬೇಕೇ ಹೊರತು ಅಪ್ಪನ ಚಟಕ್ಕಲ್ಲ ಎಂದರು. ಚಟಕ್ಕೆ ಮನೆ ಹಾಳಾದದ್ದನ್ನು ಕಂಡವರು ಯಾರಾದರೂ ಹಾಗೆಯೇ ಹೇಳುತ್ತಾರೆ. ಪ್ರಶ್ನೆ ಇದ್ದದ್ದು ಬೇರೆ: ಬಡವರಾದ ಮಾತ್ರಕ್ಕೆ ಚಟವಿದೆ ಎಂದುಕೊಳ್ಳಬಹುದೆ?

ಒರ್ಲಾಂಡೊದ ಲೆಬ್ರಾನ್ ಎಂಬ ಅರ್ಜಿದಾರ ಪರೀಕ್ಷೆಗೆ ಒಪ್ಪದೆ ಕೋರ್ಟಿಗೆ ಹೋದ. ನೌಕಾಪಡೆಯಲ್ಲಿದ್ದು ಬಂದು ಕಾಲೇಜು ಸೇರಿದ್ದ ಆತ, ಪುಟ್ಟ ಮಗನನ್ನೂ ಅಂಗವಿಕಲ ತಾಯಿಯನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ಪರೀಕ್ಷೆಗೆ ಬಾರದವರೆಲ್ಲ ವ್ಯಸನಿಗಳೇ ಇರಬೇಕು ಎಂಬ ಊಹೆಗೆ ಅವನೇ ಉತ್ತರ. 2011ರ ಅಕ್ಟೋಬರ್ 24ರಂದು ನ್ಯಾಯಾಧೀಶೆ ಮೇರಿ ಸ್ಕ್ರಿವೆನ್ ಕಾನೂನಿಗೆ ತಡೆ ಕೊಟ್ಟರು. ಕಾರಣವಿಲ್ಲದ ಶೋಧವನ್ನು ಅಲ್ಲಿನ ಸಂವಿಧಾನದ ನಾಲ್ಕನೇ ತಿದ್ದುಪಡಿ ಒಪ್ಪುವುದಿಲ್ಲ. ರೈಲು ಓಡಿಸುವವರನ್ನು, ಬಂದೂಕು ಹಿಡಿಯುವ ಸುಂಕದ ಸಿಬ್ಬಂದಿಯನ್ನು ಪರೀಕ್ಷಿಸಬಹುದೆಂದು ಸುಪ್ರೀಂ ಕೋರ್ಟ್ ಹಿಂದೆ ಹೇಳಿದ್ದುಂಟು. ಅವರ ಅಮಲು ಇನ್ನೊಬ್ಬರ ಪ್ರಾಣ ತೆಗೆಯಬಲ್ಲದು. ಸಹಾಯಕ್ಕೆ ಅರ್ಜಿ ಹಾಕಿದವರಿಂದ ಅಂಥ ಅಪಾಯವಿದೆಯೆಂದು ರಾಜ್ಯ ತೋರಿಸಲಿಲ್ಲ. ಕಾನೂನು ನಡೆದ ಸುಮಾರು ನಾಲ್ಕು ತಿಂಗಳಲ್ಲಿ 4,086 ಜನರ ಪರೀಕ್ಷೆಯಾಗಿ, ಸಿಕ್ಕವರು 108. ಉಳಿದವರಿಗೆ ಸರ್ಕಾರ ವಾಪಸ್ ಕೊಡಬೇಕಾದ ಲ್ಯಾಬ್ ಖರ್ಚು 1,18,140 ಡಾಲರ್. 2014ರ ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯವೂ ಅದೇ ತೀರ್ಪು ಕೊಟ್ಟಿತು. ಸ್ಕಾಟ್ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ.

ಬಡವರನ್ನು ಪರೀಕ್ಷೆಗೆ ಒಡ್ಡುವ ಚಾಳಿ ಅಮೆರಿಕದ್ದಷ್ಟೇ ಅಲ್ಲ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿ ಧಾತು-ಈಶ್ವರ ಬರದ ಹೊತ್ತಿಗೆ, 1877ರಲ್ಲಿ, ಗಂಜಿ ಬೇಕಾದವರು ಕೆಲಸ ಮಾಡಿ ತಮ್ಮ ಹಸಿವನ್ನು ರುಜುವಾತು ಮಾಡಬೇಕಿತ್ತು. ಬರ ಪರಿಹಾರ ನೋಡಿಕೊಳ್ಳಲು ಬ್ರಿಟಿಷ್ ಸರ್ಕಾರ ಕಳಿಸಿದ್ದ ಸರ್ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಮೇಲೊಂದು ಚೂರು ಕಾಸಿಗೆ ಇಳಿಸಿದರು. ಅಷ್ಟು ತಿಂದು ದುಡಿಯಲಾಗದೆಂದು ವೈದ್ಯ ಕಾರ್ನಿಶ್ ವಾದಿಸಿದರು. ಅಲ್ಲೂ ಅಧಿಕಾರಿಗಳ ಭಯ ಒಂದೇ: ಅನರ್ಹರು ತಿಂದುಬಿಟ್ಟರೆ?

ನಮ್ಮ ಕಟ್ಟೆಗಳ ಮೇಲೂ ‘ಕುಡುಕರ ಮನೆಗೆ ಯಾಕೆ ರೇಷನ್’ ಎಂಬ ಮಾತು ಆಗಾಗ ಏಳುತ್ತದೆ. ಮತ್ತೆ ಎದ್ದಾಗ, 4,086ರಲ್ಲಿ 108 ಎಂಬ ಲೆಕ್ಕವನ್ನು ದಯವಿಟ್ಟು ಅವರ ಮುಂದಿಡಿ.