ಚಾಕಿಗೆ ಲೈಸೆನ್ಸು, ಪಥ್ಯಕ್ಕೆ ಬರೀ ಬೋರ್ಡು

ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಲೈಸೆನ್ಸ್ ಅಂದರೆ ಜನಕ್ಕೆ ಮೊದಲು ನೆನಪಾಗುವುದು ರೇಷ್ಮೆ. ಮಾರುಕಟ್ಟೆಯಲ್ಲಿ ಗೂಡು ಕೊಳ್ಳಬೇಕಾದರೆ ರೀಲರ್ ಹತ್ತಿರ ಇಲಾಖೆಯ ಲೈಸೆನ್ಸ್ ಇರಬೇಕು. ಮೊಟ್ಟೆ ತಯಾರಿಸಿ ಮಾರುವವರಿಗೂ ಬೇಕು. ಮೈಸೂರು ರಾಜ್ಯದ 1959ರ ಕಾಯ್ದೆಯಿಂದ ಬಂದ ಪದ್ಧತಿ ಇದು. ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಿದ್ದುಪಡಿ ಆದಮೇಲೆ ಚಾಕಿ ಸಾಕುವವರೂ ನೋಂದಣಿಯ ಲೆಕ್ಕಕ್ಕೆ ಬಂದರು. ಚಾಕಿ ಅಂದರೆ ಎರಡನೇ ಜ್ವರ (ಪೊರೆ ಬಿಡುವ ಹಂತ) ಏಳುವ ತನಕ ಮರಿಹುಳುಗಳಿಗೆ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ ಬೆಳೆಸಿಕೊಡುವ ಕೆಲಸ. ಸಾದಲಿ ಹೋಬಳಿಯಲ್ಲಿ ಅದನ್ನು ನೋಡುತ್ತಲೇ ಬೆಳೆದವಳು ನಾನು. ಆಮೇಲೆ ಓದಿ ಡಯಟಿಷಿಯನ್ ಆದೆ. ಹುಳುವಿಗೆ ಏನು, ಎಷ್ಟು ತಿನ್ನಿಸಬೇಕು ಅನ್ನುವವರಿಗೆ ಸರ್ಕಾರ ಕಾಗದ ತೋರಿಸು ಎಂದಿತು. ಸಕ್ಕರೆ ಕಾಯಿಲೆಯವರಿಗೆ, ಕಿಡ್ನಿ ಕೆಟ್ಟವರಿಗೆ ಊಟ ಬರೆದುಕೊಡುವ ನನ್ನಂಥವರ ಕಾಗದವನ್ನು 2021ರವರೆಗೆ ಕೇಂದ್ರದ ಯಾವ ಕಾಯ್ದೆಯೂ ಕೇಳಿರಲಿಲ್ಲ.

ಆಹಾರ ವಿಜ್ಞಾನ ನಮ್ಮಲ್ಲಿ ತಡವಾಗಿ ಬಂತು ಅನ್ನುವ ಹಾಗೂ ಇಲ್ಲ. ರಾಬರ್ಟ್ ಮೆಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಕೆಲಸ ಶುರು ಮಾಡಿದ್ದು 1918ರಲ್ಲಿ. ಬೇರೆ ಬೇರೆ ಪ್ರಾಂತ್ಯದ ಜನ ಉಣ್ಣುವುದನ್ನೇ ಇಲಿಗಳಿಗೆ ಉಣ್ಣಿಸಿ ಅವುಗಳ ಬೆಳವಣಿಗೆ ಅಳೆದವರು ಅವರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಗಟ್ಟಿಯಾದವು, ಪಾಲಿಶ್ ಅಕ್ಕಿಯ ಅನ್ನ ತಿಂದವು ಸೊರಗಿದವು. ಅವರ ನಂತರ ಬಂದ ಐಕ್ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೌಷ್ಟಿಕಾಂಶದ ಪಟ್ಟಿ ಹೊರತಂದರು. ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯಿತು. ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರ 1971ರ ಪಟ್ಟಿಯ ಪುಸ್ತಕ ಇಟ್ಟುಕೊಂಡೇ ನನ್ನ ತಲೆಮಾರಿನವರು ಪರೀಕ್ಷೆ ಬರೆದದ್ದು. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನುವುದು ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತದೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಹುರಿಗಡಲೆ ಹಿಟ್ಟು ಬೆರೆಸಿ ಪೌಷ್ಟಿಕ ಆಹಾರ ಮಾಡಿ ತೋರಿಸಿತ್ತು. ಕಡಲೆಕಾಯಿ ಬೆಳೆಯುವ ಚಿಂತಾಮಣಿ ಸೀಮೆಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ ಅನ್ನಿ.

ಭಾರತೀಯ ಡಯಟೆಟಿಕ್ ಸಂಘ ಹುಟ್ಟಿದ್ದು 1963ರಲ್ಲಿ. ಕಾಯ್ದೆ ಇಲ್ಲದ ಕಾಲದಲ್ಲಿ ನಮ್ಮ ಮರ್ಯಾದೆ ಉಳಿಸಿದ್ದು ಅದೇ. ಸ್ನಾತಕೋತ್ತರ ಓದು ಮುಗಿಸಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಸಂಘ ನಡೆಸುವ ಪರೀಕ್ಷೆ ಪಾಸಾದರೆ ಹೆಸರಿನ ಮುಂದೆ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ಅಂತ ಹಾಕಿಕೊಳ್ಳಬಹುದು. ಆದರೆ ಅದು ಸಂಘದ ಮುದ್ರೆ, ಸರ್ಕಾರದ್ದಲ್ಲ. ಪಾಸಾಗದವರನ್ನು, ಪರೀಕ್ಷೆಗೇ ಕೂರದವರನ್ನು ತಡೆಯುವ ಹಕ್ಕು ಸಂಘಕ್ಕೆ ಇರಲಿಲ್ಲ. ಪ್ರೋಟೀನ್ ಪುಡಿ ಡಬ್ಬ ಮಾರುವವರು ಎರಡು ದಿನದ ತರಬೇತಿ ಮುಗಿಸಿ ‘ಡಯಟಿಷಿಯನ್’ ಅಂತ ಬೋರ್ಡು ಬರೆಸಿದರೆ ಕೇಳುವವರಿರಲಿಲ್ಲ. ನಾನು ಮೊದಲು ಕೆಲಸಕ್ಕೆ ಸೇರಿದ ಖಾಸಗಿ ಆಸ್ಪತ್ರೆಯಲ್ಲಿ ನನ್ನ ಮೇಜು ಇದ್ದದ್ದು ಅಡುಗೆಮನೆಯ ದಾಸ್ತಾನು ಕೋಣೆಯಲ್ಲಿ. ಹಾಲಿನ ಲೆಕ್ಕವೂ ನನ್ನದೇ, ರೋಗಿಯ ಪಥ್ಯವೂ ನನ್ನದೇ.

ಇದರಿಂದ ಯಾರಿಗೆ ನಷ್ಟ ಅಂತ ಕೇಳುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಡಯಾಲಿಸಿಸ್‌ಗೆ ಹೋಗುತ್ತಿದ್ದ ನಮ್ಮ ಕಡೆಯ ರೈತರೊಬ್ಬರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತಲೇ ಇರಲಿಲ್ಲ. ಯಾರೋ ಕೊಟ್ಟ ಜೆರಾಕ್ಸ್ ಚಾರ್ಟಿನಲ್ಲಿ ಸೊಪ್ಪನ್ನು ಬೇಯಿಸಿ, ನೀರು ಬಸಿದು ತಿನ್ನಿ ಎಂದಿತ್ತು. ಮಾತು ಸರಿಯೇ, ಬೇಯಿಸಿದರೆ ಪೊಟ್ಯಾಸಿಯಂ ಸುಮಾರು ಪಾಲು ನೀರಿಗೆ ಇಳಿಯುತ್ತದೆ.

“ಬಸ್ದೇ ಹಾಕ್ತಿದೀನಿ ಕಣಮ್ಮಾ,” ಅಂದರು ಅವರ ಹೆಂಡತಿ.

“ಬಸಿದ ನೀರು ಏನ್ ಮಾಡ್ತೀರಮ್ಮ?”

“ಅದ್ರಲ್ಲೇ ಅಲ್ವಾ ಬಸ್ಸಾರು ಮಾಡೋದು!”

ಬೆಳ್ಳುಳ್ಳಿ, ಮೆಣಸಿನಕಾಯಿ, ಒಂದಿಷ್ಟು ಬೆಂದ ಕಾಳು ರುಬ್ಬಿ ಆ ಕಟ್ಟಿಗೇ ಕಲಸಿ ಕುದಿಸಿ, ಮುದ್ದೆಗೆ ಹುಯ್ಯುವುದು ನಮ್ಮ ಮನೆಗಳ ರೂಢಿ. ಪಲ್ಯದಿಂದ ಹೊರಗೆ ಹೋದದ್ದು ಸಾರಿನಲ್ಲಿ ಪೂರಾ ವಾಪಸ್ ಬರುತ್ತಿತ್ತು. ಚಾರ್ಟು ಬರೆದವರಿಗೆ ಬಸ್ಸಾರು ಗೊತ್ತಿರಲಿಲ್ಲ, ಬಸ್ಸಾರು ಮಾಡುವವರಿಗೆ ಪೊಟ್ಯಾಸಿಯಂ ಗೊತ್ತಿರಲಿಲ್ಲ. ಎರಡನ್ನೂ ತಿಳಿದವರನ್ನು ಅಲ್ಲಿ ಕೂರಿಸಬೇಕು ಅನ್ನುವ ಕಟ್ಟುಪಾಡು ಯಾವ ಆಸ್ಪತ್ರೆಗೂ ಇರಲಿಲ್ಲ. ಸಕ್ಕರೆ ಕಾಯಿಲೆಯ ಚಾರ್ಟುಗಳದ್ದೂ ಇದೇ ಹಾಡು. ‘ಎರಡು ಚಪಾತಿ’ ಅಂತ ಬರೆದಿರುತ್ತದೆ. ಉಣ್ಣುವವರದ್ದು ಮುದ್ದೆ, ಅದರ ಗಾತ್ರ ಮನೆಮನೆಗೂ ಬೇರೆ. ಎಸರಿಗೆ ಸುರಿಯುವ ಮುಂಚೆ ಹಿಟ್ಟನ್ನೇ ಅಳೆಯಿಸಬೇಕು, ತೊಳಸಿ ಕಟ್ಟಿದ ಮುದ್ದೆಯ ತೂಕದಲ್ಲಿ ನೀರಿನ ಪಾಲೇ ಜಾಸ್ತಿ.

ಕೊನೆಗೂ 2021ರ ಮಾರ್ಚ್‌ನಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಫಿಸಿಯೊಥೆರಪಿ, ಲ್ಯಾಬ್, ರೇಡಿಯಾಲಜಿಯವರ ಜೊತೆಗೆ ಡಯಟಿಷಿಯನ್ನರಿಗೂ ಅದರ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಪ್ರತಿ ರಾಜ್ಯದಲ್ಲೂ ಒಂದು ಪರಿಷತ್ತು, ಅದರಲ್ಲಿ ಒಂದು ರಿಜಿಸ್ಟರ್. ನೋಂದಣಿ ಇಲ್ಲದವರು ಇದೆ ಅಂತ ಹೇಳಿಕೊಂಡರೆ ಮೊದಲ ಸಲ 50,000 ರೂಪಾಯಿವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ ಜೈಲೂ ಆಗಬಹುದು. ಕಾಯ್ದೆ ಆಯಿತೇ ಹೊರತು ರಾಜ್ಯಗಳು ಎದ್ದು ಕೂರಲಿಲ್ಲ. ಪರಿಷತ್ತು ರಚಿಸಿ ಅಂತ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಎರಡು ತಿಂಗಳ ಗಡುವು ಕೊಡಬೇಕಾಯಿತು.

ಈಗ ನಮ್ಮವರ ವಾಟ್ಸ್ಯಾಪ್ ಗುಂಪಿನಲ್ಲಿ ಬರೀ ಗಂಟೆಗಳ ಲೆಕ್ಕ. ಆರೋಗ್ಯ ವೃತ್ತಿಪರರು ಅನ್ನಿಸಿಕೊಳ್ಳಲು ಕನಿಷ್ಠ 3600 ಗಂಟೆಗಳ ಪದವಿ ಬೇಕು ಅನ್ನುತ್ತದೆ ಕಾಯ್ದೆ. ಹಳೇ ಕಾಲದಲ್ಲಿ ಹೋಮ್ ಸೈನ್ಸ್ ಪದವಿ ಮಾಡಿ, ಮೇಲೊಂದು ಡಿಪ್ಲೊಮಾ ಸೇರಿಸಿಕೊಂಡು ಇಪ್ಪತ್ತು ಮೂವತ್ತು ವರ್ಷ ವಾರ್ಡು ಸುತ್ತಿದವರು ಅಂಕಪಟ್ಟಿ ಹುಡುಕುತ್ತಿದ್ದಾರೆ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಈ ತಾಪತ್ರಯ ಹೆಂಗಸರೇ ಹೆಚ್ಚಿರುವ ವೃತ್ತಿಗೆ ಮಾತ್ರ ಗೊತ್ತು.

ಲೈಸೆನ್ಸ್ ಪಡೆಯುವುದಕ್ಕಿಂತ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಅಮೆರಿಕದಲ್ಲಿ ಡಯಟಿಷಿಯನ್ನರ ಸಂಘ 1917ರಲ್ಲೇ ಹುಟ್ಟಿತು, ನೋಂದಣಿ 1969ರಲ್ಲಿ ಬಂತು, ರಾಜ್ಯಗಳ ಲೈಸೆನ್ಸ್ ಬಂದದ್ದು 1980ರ ದಶಕದಿಂದ ಈಚೆಗೆ. ಅಲ್ಲಿ ನೋಂದಣಿ ಉಳಿಯಬೇಕಾದರೆ ಐದು ವರ್ಷಕ್ಕೆ 75 ಗಂಟೆ ಹೊಸದಾಗಿ ಓದಿದ ಲೆಕ್ಕ ತೋರಿಸಬೇಕು. ಅಂಥ ನಿಯಮ ಇಲ್ಲಿಗೂ ಬರಲಿ, ನನ್ನದೇನೂ ತಕರಾರಿಲ್ಲ. ಆದರೆ ಉಪನ್ಯಾಸಗಳೆಲ್ಲ ಬೆಂಗಳೂರಿನ ಹೋಟೆಲ್ ಹಾಲ್‌ಗಳಲ್ಲೇ ನಡೆದರೆ ತಾಲ್ಲೂಕಿನಲ್ಲಿ ಕೆಲಸ ಮಾಡುವವರು ರಜೆ ಹಾಕಿ, ಬಸ್ ಹತ್ತಿ, ಶುಲ್ಕ ಕಟ್ಟಿ ಎಷ್ಟು ಸಲ ಹೋಗಿಬರಲು ಆಗುತ್ತದೆ? ಚಿಕ್ಕಬಳ್ಳಾಪುರದಲ್ಲೇ ಈಗ ಮೆಡಿಕಲ್ ಕಾಲೇಜಿದೆ. ಕಲಿಯುವುದಕ್ಕೂ ಇಲ್ಲೇ ಬೇಕಾದಷ್ಟಿದೆ: ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಿದ ಮಕ್ಕಳು ಬಾಗೇಪಲ್ಲಿ, ಗೌರಿಬಿದನೂರು ಕಡೆ ಇದ್ದಾರೆ. ಪಾಠ ಇಲ್ಲೇ ಇಟ್ಟುಕೊಳ್ಳಲಿ, ಬೆಂಗಳೂರಿನವರೂ ಒಂದು ಸಲ ಬಸ್ ಹತ್ತಿ ಬರಲಿ.