ಮುಂಬಯಿಯಲ್ಲೊಂದು ನೆರಳು



ಗೋಕುಳ ಶಿರಗಾಂವದ ಕಾರಖಾನೆಯವರಿಗಾಗಲಿ, ಇಚಲಕರಂಜಿಯ ಮಗ್ಗದವರಿಗಾಗಲಿ, ಗಡಹಿಂಗ್ಲಜದ ರೈತರಿಗಾಗಲಿ ಮುಂಬಯಿ ಹೊಸದಲ್ಲ. ರಾತ್ರಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ದಾದರ. ಒಬ್ಬರು ಮಗನ ಮನೆಗೆ ಹೋಗುತ್ತಾರೆ, ಒಬ್ಬರು ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಇನ್ನೊಬ್ಬರು ಬೇನೆಯವರನ್ನು ಕರೆದುಕೊಂಡು ಪರೇಲದ ಆಸ್ಪತ್ರೆಗೆ ಹೋಗುತ್ತಾರೆ. ‘ನಾಳೆ ಬನ್ನಿ’ ಎಂದು ಡಾಕ್ಟರರು ಹೇಳಿದ ದಿನ ನೀವು ಎಲ್ಲಿ ಕೂಡುತ್ತೀರಿ? ಬೀಗರ ಖೋಲಿಯಲ್ಲಿ ಕಾಲು ಚಾಚಲು ಜಾಗವಿಲ್ಲ, ಹೊರಗೆ ಗದ್ದಲ. ಆದರೂ ಆ ಊರಿನಲ್ಲಿ ನೆರಳಿದೆ, ನಿಶ್ಶಬ್ದವೂ ಇದೆ. ಅದು ತಾನಾಗಿ ಉಳಿದದ್ದಲ್ಲ ಎಂಬುದನ್ನೇ ಇಂದು ನಿಮಗೆ ಹೇಳಬೇಕಾಗಿದೆ.

ಪರೇಲದಿಂದ ದೂರವಲ್ಲದ ಭಾಯಖಳಾ ಸ್ಟೇಶನ್ನಿನಲ್ಲಿ ಇಳಿದರೆ ನಡೆದು ಹೋಗುವಷ್ಟು ಹತ್ತಿರ ರಾಣಿಬಾಗ. 1862ರಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ತೆರೆದ ತೋಟ ಅದು. ಈಗ ವೀರಮಾತಾ ಜಿಜಾಬಾಯಿಯವರ ಹೆಸರನ್ನು ಹೊತ್ತಿದೆ. ಜನ ಪ್ರಾಣಿಗಳನ್ನು ನೋಡಲು ಹೋಗುತ್ತಾರೆ. ನೀವು ಮರಗಳನ್ನು ನೋಡಿರಿ. ದೇಶವಿದೇಶದ ಹಳೆಯ ಮರಗಳು ಅಲ್ಲಿವೆ. ಮಗ್ಗುಲಲ್ಲೇ ಇರುವ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಕಲ್ಲಾನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟದ್ದು ಈ ಆನೆಯಿಂದಲೇ. ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗ ಒಡೆಯಿತು. ಚೂರುಗಳನ್ನು ಮತ್ತೆ ಜೋಡಿಸಿ ಇಲ್ಲಿ ನಿಲ್ಲಿಸಿದರು. ತೋಟಕ್ಕೂ ಒಮ್ಮೆ ಗಂಡಾಂತರ ಬಂದಿತ್ತು. 2000ರ ದಶಕದಲ್ಲಿ ಅದನ್ನು ದೊಡ್ಡ ಪ್ರಾಣಿಸಂಗ್ರಹಾಲಯವಾಗಿ ಬದಲಿಸುವ ಯೋಜನೆ ಬಂದಾಗ, ಮರಗಳು ಉಳಿಯಬೇಕೆಂದು ಊರಿನ ನಾಗರಿಕರೇ ಎದ್ದು ನಿಂತರು. ಬುಧವಾರ ಬಾಗಿಲು ಮುಚ್ಚಿರುತ್ತದೆ, ನೆನಪಿರಲಿ.

ದಾದರ-ಮಾಟುಂಗಾದ ನಡುವೆ ಐದು ತೋಟಗಳ ಒಂದು ಗುಂಪಿದೆ. ಫೈವ್ ಗಾರ್ಡನ್ಸ್ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅದರ ಹಿಂದಿರುವುದು ಒಂದು ಸಾವಿನ ಕತೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು. ಗಿರಣಿಯ ಆಳುಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಓಡಿದರು. ರೋಗ ನಮ್ಮ ಸೀಮೆಗೂ ಬಂತು. ಆಗ ಸರಕಾರಕ್ಕೆ ಎಚ್ಚರವಾಯಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅಗಲವಾದ ರಸ್ತೆ, ಮನೆಮನೆಯ ನಡುವೆ ಅಂತರ, ಸಾಲುಮರ, ತೋಟ ಎಂದು ಅದು ದಾದರ-ಮಾಟುಂಗಾದ ಬಡಾವಣೆಗಳನ್ನು ಹಾಕಿತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವುದು ಇದೇ ಮಾಟುಂಗಾದಲ್ಲಿ. ಆದ್ದರಿಂದ ಆ ತೋಟದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರು ಕನ್ನಡದಲ್ಲಿ ಮಾತಾಡಿದರೆ ಆಶ್ಚರ್ಯಪಡಬೇಡಿರಿ.

ಇನ್ನು ಧಾರಾವಿಯ ಮಗ್ಗುಲಿಗೆ ಬನ್ನಿರಿ. ಮಿಠಿ ನದಿಯ ದಂಡೆಯಲ್ಲಿ ಸುಮಾರು 37 ಎಕರೆಯ ಒಂದು ಕಾಡು ಇದೆ. 1970ರ ದಶಕದವರೆಗೂ ಅದು ನಗರದ ಕಸ ಸುರಿಯುವ ತಿಪ್ಪೆಯಾಗಿತ್ತು. ಆ ತಿಪ್ಪೆಯ ಮೇಲೆ ಮಣ್ಣು ಹಾಕಿ, ಸಸಿ ನೆಟ್ಟು, ನೀರೆರೆದು ಬೆಳೆಸಿದರು. 1994ರಲ್ಲಿ ಮಹಾರಾಷ್ಟ್ರ ನೇಚರ್ ಪಾರ್ಕ್ ಎಂದು ಜನರಿಗೆ ತೆರೆದರು. ಈಗ ಅಲ್ಲಿ ಹಕ್ಕಿ, ಪಾತರಗಿತ್ತಿ. ತಿಪ್ಪೆಯೂ ತೋಪಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾಲಲ್ಲಿ ಶಕ್ತಿಯಿದ್ದವರು ಬೋರಿವಲಿಗೆ ಹೋಗಿರಿ. ಅಲ್ಲಿಯ ರಾಷ್ಟ್ರೀಯ ಉದ್ಯಾನದ ವಿಸ್ತಾರ ನೂರು ಚದರ ಕಿಲೋಮೀಟರಿಗೂ ಮಿಕ್ಕು. ಸೋಮವಾರ ರಜೆ. ಚಿರತೆಗಳಿರುವ ಕಾಡು, ಹಾಕಿದ ದಾರಿ ಬಿಡಬೇಡಿರಿ. ಒಳಗೆ ಕಾನ್ಹೇರಿಯ ಗುಡ್ಡದಲ್ಲಿ ಬೌದ್ಧ ಭಿಕ್ಷುಗಳು ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಬಂಡೆಯಲ್ಲೇ ನೀರಿನ ತೊಟ್ಟಿ, ಕೂಡಲು ಕಟ್ಟೆ. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳು ಒಬ್ಬ ಚಕ್ರವರ್ತಿಯ ಹೆಸರು ಹೇಳುತ್ತವೆ. ಆತ ಅಮೋಘವರ್ಷ, ‘ಕವಿರಾಜಮಾರ್ಗ’ದ ನಮ್ಮ ನೃಪತುಂಗ. ಆತನ ಕೈಕೆಳಗೆ ಕೊಂಕಣವನ್ನು ಆಳಿದವರು ಶಿಲಾಹಾರರು. ಅದೇ ಶಿಲಾಹಾರರ ಇನ್ನೊಂದು ಶಾಖೆ ಮುಂದೆ ಕೊಲ್ಹಾಪುರವನ್ನು ಆಳಿ, ನಮ್ಮ ಸೀಮೆಯಲ್ಲಿ ಕನ್ನಡ ಶಾಸನ ಬರೆಸಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ನಾವು ಆ ಗುಹೆಯ ಮುಂದೆ ಪರಕೀಯರಲ್ಲ.

ಬಂಧುಗಳೇ, ಊರಿಗೆ ಮರಳುವಾಗ ಒಂದು ವಿಚಾರ ಕಟ್ಟಿಕೊಂಡು ಬನ್ನಿರಿ. ಮುಂಬಯಿಗೆ ಬಯಲಿನ ಬೆಲೆ ಗೊತ್ತಾಗಲು ಪ್ಲೇಗು ಬರಬೇಕಾಯಿತು. ನಮ್ಮ ಊರುಗಳಲ್ಲಿ ಗಾಯರಾನ ಇದೆ, ಹೊಳೆದಂಡೆ ಇದೆ, ಆಲದ ಕಟ್ಟೆ ಇದೆ. ಕಾರಖಾನೆ ಬರಲಿ, ರಸ್ತೆ ಅಗಲವಾಗಲಿ. ಮಕ್ಕಳಿಗೆ ಅನ್ನ ಬೇಕು. ಆದರೆ ಗಾಯರಾನಿಗೆ ಯಾರಾದರೂ ಬೇಲಿ ಹಾಕಲು ಬಂದ ದಿನ ಗ್ರಾಮಸಭೆಗೆ ಹೋಗಿ ಎದ್ದು ಮಾತಾಡಿರಿ. ಕನ್ನಡದಲ್ಲಾಗಲಿ, ಮರಾಠಿಯಲ್ಲಾಗಲಿ. ಉಳಿಸಿಕೊಂಡ ನೆರಳು ಮುಂದೆ ನಮ್ಮ ಮೊಮ್ಮಕ್ಕಳಿಗೆ ಆದೀತು.